ಹೊಸ ಮನೆಗೆ ಬಂದ ಮಗುವಿನ ಕೈಗೆ ಒಂದು ಹಳೇ ಚೊಂಬು ಕೊಡಿ

ಹೋದ ವರ್ಷ ಏಪ್ರಿಲ್‌ನಲ್ಲಿ ನಾನು ಮತ್ತು ಎಂಟು ವರ್ಷದ ಮಗಳು ಪುಟ್ಟಿ ನಾಗಪುರ ಬಿಟ್ಟು ಬೆಂಗಳೂರಿಗೆ ಬಂದೆವು. ನನ್ನ ಅಪ್ಪ ತೀರಿಕೊಂಡ ಮೇಲೆ ಚಾಮರಾಜಪೇಟೆಯ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ನನ್ನ ಗಂಡನಿಗೆ ವರ್ಗ ಸಿಗಲು ಇನ್ನೂ ಆರು ತಿಂಗಳು ಬೇಕಿತ್ತು. ನನಗೆ ಅದು ಹುಟ್ಟಿ ಬೆಳೆದ ಮನೆ. ಪುಟ್ಟಿಗೆ ಅದು ರಜೆಯಲ್ಲಿ ಹತ್ತು ದಿನ ಬಂದು ಹೋಗುವ ಅಜ್ಜಿ ಮನೆ ಅಷ್ಟೇ. ಈ ಸಲ ವಾಪಸ್ ಟಿಕೆಟ್ ಇಲ್ಲ ಅಂತ ಅವಳಿಗೆ ಅರ್ಥವಾದ ದಿನ ಅವಳು ರಾತ್ರಿ ಊಟ ಮಾಡಲಿಲ್ಲ.

ಹೀಗೆ ಮಗುವನ್ನು ಕರೆದುಕೊಂಡು ಹಿರಿಯರ ಮನೆಗೆ ಬಂದು ನೆಲೆಸುವವರು ಈಗ ಜಾಸ್ತಿ. ಅವರಿಗಾಗಿ, ಒಂದು ವರ್ಷದಲ್ಲಿ ನಾನು ಮಾಡಿ ನೋಡಿದ್ದನ್ನು ಬರೆಯುತ್ತಿದ್ದೇನೆ. ನನಗೆ ತಿಳಿದದ್ದು ಇಷ್ಟು: ಮನೆತನದ ಕಥೆಯನ್ನು ನಾವಾಗಿ ಹೇಳಲು ಹೋದರೆ ಮಗು ಕೇಳುವುದಿಲ್ಲ. ಕೈಗೆ ಒಂದು ವಸ್ತು ಕೊಟ್ಟು ಸುಮ್ಮನಿದ್ದರೆ, ಅದೇ ಕೇಳುತ್ತದೆ.

ಮೊದಲ ಹದಿನೈದು ದಿನ ಇತಿಹಾಸ ಬೇಡ

ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಬಂದ ಎರಡನೇ ದಿನವೇ ಪುಟ್ಟಿಯನ್ನು ನಡುಮನೆಯಲ್ಲಿ ನಿಲ್ಲಿಸಿ, ಗೋಡೆಯ ಮೇಲಿನ ಫೋಟೊಗಳನ್ನು ಒಂದೊಂದಾಗಿ ತೋರಿಸಿದೆ. ಇವರು ಮುತ್ತಾತ, ಇವರು ಮುತ್ತಜ್ಜಿ, ಇವರು ದೊಡ್ಡ ತಾತ, ಇವರು ನಿನ್ನ ತಾತ. ಎಲ್ಲಕ್ಕೂ ಗಂಧದ ಹಾರ. ಅವತ್ತಿನಿಂದ ಅವಳು ರಾತ್ರಿ ಬಚ್ಚಲಿಗೆ ಹೋಗುವುದನ್ನೇ ಬಿಟ್ಟಳು. ಬಚ್ಚಲಿಗೆ ಹೋಗಬೇಕಾದರೆ ನಡುಮನೆ ದಾಟಬೇಕಲ್ವಾ? ಸತ್ತವರೆಲ್ಲ ತನ್ನನ್ನೇ ನೋಡುತ್ತಾರೆ ಅಂತ ಅವಳು ನನಗೆ ಹೇಳಿದ್ದು ನಾಲ್ಕು ದಿನ ಆದ ಮೇಲೆ.

ಆ ಫೋಟೊಗಳನ್ನು ಗೋಡೆಯಿಂದ ತೆಗೆಸುವುದು ಅಮ್ಮನಿಗೆ ಇಷ್ಟವಿರಲಿಲ್ಲ. ನನಗೂ ಅದು ಸರಿ ಕಾಣಲಿಲ್ಲ. ಅಪ್ಪ ಸೈಕಲ್ ಹಿಡಿದು ನಗುತ್ತಾ ನಿಂತಿರುವ ಒಂದು ಹಳೇ ಫೋಟೊದ ಪ್ರತಿ ಮಾಡಿಸಿ, ಹಾರ ಹಾಕಿದ ಫೋಟೊದ ಕೆಳಗೆ, ಪುಟ್ಟಿಯ ಕಣ್ಣಿನ ಮಟ್ಟಕ್ಕೆ ಅಂಟಿಸಿದೆವು. ಆಮೇಲೆ ಭಯ ನಿಧಾನವಾಗಿ ಹೋಯಿತು. ನಿಮ್ಮ ಮನೆಯಲ್ಲೂ ಹಾರದ ಫೋಟೊಗಳಿದ್ದರೆ, ಅದೇ ವ್ಯಕ್ತಿ ಚಿಕ್ಕವರಾಗಿ ನಗುತ್ತಿರುವ ಇನ್ನೊಂದನ್ನು ಪಕ್ಕದಲ್ಲಿಡಿ.

ಈ ಹದಿನೈದು ದಿನದಲ್ಲಿ ಮಗುವಿಗೆ ಬೇಕಾದದ್ದು ಮನೆಯ ಪರಿಚಯ. ಯಾವ ಸ್ವಿಚ್ ಯಾವ ದೀಪಕ್ಕೆ. ಯಾವ ಬಾಗಿಲು ಒದ್ದರೆ ಮಾತ್ರ ತೆರೆಯುತ್ತದೆ. ರಾತ್ರಿ ಕೇಳುವ ಶಬ್ದಗಳು ಯಾವುವು. ನಾವು ಮಲಗುವಾಗ ಒಂದೊಂದೇ ಶಬ್ದ ಕೇಳಿ ಪಟ್ಟಿ ಮಾಡಿದೆವು: ನಲ್ಲಿಯಲ್ಲಿ ಕಾವೇರಿ ನೀರು ಬರುವ ಮೊದಲು ಬರೀ ಗಾಳಿ ಬರುವ ಸುಯ್ ಶಬ್ದ, ಸಂಪಿನ ಮೋಟರು, ಮಾರ್ಕೆಟ್ ಕಡೆಗೆ ಹೋಗುವ ಲಾರಿ, ಬೆಳಗಿನ ಜಾವದ ಆಜಾನ್, ಆಮೇಲೆ ಗುಡಿಯ ಗಂಟೆ. ಗುರುತು ಸಿಕ್ಕ ಶಬ್ದಕ್ಕೆ ಮಗು ಹೆದರುವುದಿಲ್ಲ.

ಮಗುವಿಗೆ ತನ್ನದೇ ಒಂದು ಜಾಗ ಕೊಡಿ. ಕೋಣೆ ಬೇಕಾಗಿಲ್ಲ. ನಮ್ಮ ಮನೆಯ ಗೋಡೆಗಳಲ್ಲಿ ದೀಪ ಇಡುತ್ತಿದ್ದ ಗೂಡುಗಳಿವೆ. ಅದರಲ್ಲಿ ಒಂದನ್ನು ಪುಟ್ಟಿಗೆ ಬಿಟ್ಟುಕೊಟ್ಟೆವು. ಅಲ್ಲಿ ಏನಿಟ್ಟರೂ ಯಾರೂ ಒರೆಸುವಂತಿಲ್ಲ, ಎತ್ತಿಡುವಂತಿಲ್ಲ. ಅವಳು ಅಲ್ಲಿ ಇಟ್ಟದ್ದು ನಾಗಪುರದ ಮನೆಯ ಬೀಗದ ಕೈ. ಅದು ಯಾವಾಗ ಅವಳ ಜೇಬಿಗೆ ಹೋಯಿತೋ ನನಗೆ ಗೊತ್ತೇ ಇರಲಿಲ್ಲ.

ಹಳೇ ಮನೆಯ ಒಂದು ಅಭ್ಯಾಸ ಹಾಗೇ ಉಳಿಸಿ. ನಮ್ಮದು ಭಾನುವಾರದ ತರ್ರಿ ಪೋಹಾ, ಅಂದರೆ ಖಾರದ ರಸ ಹಾಕಿದ ಅವಲಕ್ಕಿ. ಅಮ್ಮ ಪ್ರೀತಿಯಿಂದ ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟರೆ ಪುಟ್ಟಿ ಅತ್ತುಬಿಟ್ಟಳು. "ಇದು ಅದಲ್ಲ" ಅನ್ನುವುದೊಂದೇ ಮಾತು. ಮುಂದಿನ ಭಾನುವಾರ ಅವಳೇ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು, ಕಡಲೆಕಾಳಿನ ಖಾರದ ರಸ ಹೇಗಿರಬೇಕು, ಎಷ್ಟು ಕೆಂಪಗಿರಬೇಕು ಅಂತ ಅಜ್ಜಿಗೆ ಹೇಳಿಕೊಟ್ಟಳು. ಎಂಬತ್ತು ದಾಟಿದ ಅಮ್ಮ "ಇನ್ನೂ ಖಾರ ಬೇಕೇನೇ?" ಅಂತ ಕೇಳಿ ಕೇಳಿ ಮಾಡಿದರು. ಮಗು ಕೂಡ ಆ ಮನೆಗೆ ಏನಾದರೂ ಕಲಿಸಲಿ. ಬಂದವರು ಬರೀ ಕಲಿಯುತ್ತಲೇ ಇದ್ದರೆ ನೆಂಟರಂತೆಯೇ ಉಳಿಯುತ್ತಾರೆ.

ಶನಿವಾರಕ್ಕೆ ಒಂದೇ ವಸ್ತು

ಮೂರನೇ ವಾರ ಅಟ್ಟದಿಂದ ಒಂದು ಹಿತ್ತಾಳೆ ಚೊಂಬು ಇಳಿಸಿ, ಹುಣಸೆಹಣ್ಣು ಮತ್ತು ಉಪ್ಪು ಕೊಟ್ಟು "ತಿಕ್ಕು" ಅಂದೆ. ಬೇರೇನೂ ಹೇಳಲಿಲ್ಲ. ಕಪ್ಪು ಹೋದ ಹಾಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಎದ್ದು ಬಂದವು. ಪುಟ್ಟಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. "ಏನು ಬರೆದಿದ್ದಾರೆ ಅಮ್ಮಾ?" ಅಂದಳು. ಅಲ್ಲಿಂದ ಎಲ್ಲ ಶುರು.

ನಮ್ಮ ಕಡೆ ಮದುವೆ, ಗೃಹಪ್ರವೇಶಕ್ಕೆ ಪಾತ್ರೆ ಕೊಡುವವರು ಹೆಸರು, ತಾರೀಖು ಕೆತ್ತಿಸಿ ಕೊಡುತ್ತಿದ್ದರು. ನಿಮ್ಮ ಅಟ್ಟದಲ್ಲೂ ಖಂಡಿತ ಇರುತ್ತವೆ. ಪಾತ್ರೆಗಳನ್ನು ತಾರೀಖಿನ ಪ್ರಕಾರ ಸಾಲಾಗಿ ಇಟ್ಟರೆ ಮನೆಯ ದೊಡ್ಡ ದಿನಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನಮ್ಮ ಚೊಂಬಿನ ಮೇಲೆ ಇದ್ದದ್ದು "ಎಂ. ಎನ್." ಅಂತ ಶುರುವಾಗುವ ಅಪ್ಪನ ಹೆಸರು, ಕೆಳಗೆ 12-5-68. ಅಮ್ಮನ ಮದುವೆಯ ದಿನ.

ಅಕ್ಷರ ಸವೆದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಲು ಹೇಳಿ, ಅಚ್ಚು ಮೂಡುತ್ತದೆ. ಹಿತ್ತಲಿನ ಮಾಡಿಗೆ ಹೊದಿಸಿದ ಹೆಂಚಿಗೂ ಪುಟ್ಟಿ ಹೀಗೇ ಮಾಡಿದಳು. ಮಂಗಳೂರು ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು, ಆಮೇಲೆ ಅಲ್ಲಿ ಸಾಲು ಸಾಲು ಕಾರ್ಖಾನೆಗಳು ಎದ್ದದ್ದು ಅವಳಿಗೆ ಗೊತ್ತಾಯಿತು. ನಮ್ಮ ಹಾಗೆ ನಮ್ಮ ಹೆಂಚೂ ದೂರದಿಂದ ಬಂದಿದೆ ಅನ್ನುವುದು ಅವಳಿಗೆ ತುಂಬ ಹಿಡಿಸಿತು.

ಇನಿಷಿಯಲ್ ಬಿಡಿಸುವುದು ಇನ್ನೊಂದು ಒಳ್ಳೆಯ ಕೆಲಸ. ಹಳೇ ಮೈಸೂರು ಕಡೆ ಹೆಸರಿನ ಮೊದಲ ಅಕ್ಷರ ಸಾಮಾನ್ಯವಾಗಿ ಊರು, ಎರಡನೆಯದು ತಂದೆ. ಎಂ ಅಂದರೆ ಮಾಗಡಿ. ದಿನವೂ ಬೋರ್ಡಿನಲ್ಲಿ ಕಾಣುವ ಮಾಗಡಿ ರಸ್ತೆ ನಿಜವಾಗಿ ಮಾಗಡಿಗೇ ಹೋಗುತ್ತದೆ, ಅದು ತಾತನ ಹೆಸರಿನೊಳಗೆ ಇರುವ ಊರು ಅಂತ ತಿಳಿದಾಗ ಪುಟ್ಟಿಯ ಕಣ್ಣು ನೋಡಬೇಕಿತ್ತು. ಒಂದು ಭಾನುವಾರ ಬಸ್ಸಿನಲ್ಲಿ ಹೋಗಿ ಬಂದೆವು. ರಂಗನಾಥನ ಗುಡಿ, ಕೋಟೆ ನೋಡಿದೆವು. 1638ರಲ್ಲಿ ಬೆಂಗಳೂರು ಬಿಜಾಪುರದ ಸೇನೆಯ ಕೈಗೆ ಹೋದ ಮೇಲೆ ಕೆಂಪೇಗೌಡರ ವಂಶದವರು ಮಾಗಡಿಗೆ ಬಂದು ನೆಲೆಸಿದರು ಅಂತ ಹೇಳಿದೆ. "ಅವರ ಮಕ್ಕಳೂ ಸ್ಕೂಲ್ ಬಿಟ್ಟು ಬಂದರಾ?" ಅಂದಳು. ಇಂಥ ಪ್ರಶ್ನೆ ಬಂದರೆ ನಗಬೇಡಿ. ಅದು ಅವಳ ಸ್ವಂತ ದುಃಖ. ಕೇಳಲು ಒಂದು ದಾರಿ ಸಿಕ್ಕಿದೆ ಅಷ್ಟೇ.

ವಾರಕ್ಕೆ ಒಂದು ವಸ್ತು ಸಾಕು. ಶನಿವಾರ ಊಟ ಆದ ಮೇಲೆ ಇಪ್ಪತ್ತು ನಿಮಿಷ. ಮಗುವಿಗೆ ಸಾಕಾಗುವ ಮೊದಲೇ ನಿಲ್ಲಿಸಿಬಿಡಿ. ಪ್ರಶ್ನೆ ಬರದಿದ್ದರೆ ಆ ವಸ್ತುವನ್ನು ವಾಪಸ್ ಇಟ್ಟುಬಿಡಿ. ಮುತ್ತಾತನ ಬೆಳ್ಳಿ ನಶ್ಯದ ಡಬ್ಬಿ ನನಗೆ ಪ್ರಾಣ, ಅವಳು ಅದರತ್ತ ತಿರುಗಿಯೂ ನೋಡಲಿಲ್ಲ.

ಕೆಲಸ ಮಾಡುವ ವಸ್ತುವಾದರೆ ಇನ್ನೂ ಒಳ್ಳೆಯದು. ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಅವರ ಕೀ ಕೊಡುವ ಜನತಾ ವಾಚು ಬೀರುವಿನಲ್ಲಿ ನಿಂತುಹೋಗಿತ್ತು. ವರ್ಷಗಟ್ಟಲೆ ನಿಂತ ವಾಚಿಗೆ ತಕ್ಷಣ ಕೀ ಕೊಡಬೇಡಿ, ಒಳಗೆ ಎಣ್ಣೆ ಒಣಗಿರುತ್ತದೆ. ಅವೆನ್ಯೂ ರಸ್ತೆ ಕಡೆ ರಿಪೇರಿಯವರ ಹತ್ತಿರ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ ತಂದೆವು. ಈಗ ದಿನಾ ಬೆಳಿಗ್ಗೆ ಎಂಟಕ್ಕೆ ಕೀ ಕೊಡುವುದು ಪುಟ್ಟಿಯ ಕೆಲಸ. ಬಿಗಿಯಾದ ತಕ್ಷಣ ನಿಲ್ಲಿಸಬೇಕು, ಒಂದು ಸುತ್ತೂ ಜಾಸ್ತಿ ತಿರುಗಿಸಬಾರದು. ಅವಳು ಇಲ್ಲದಿದ್ದರೆ ವಾಚು ನಿಲ್ಲುತ್ತದೆ. ಆ ಮನೆಗೆ ತಾನು ಬೇಕು ಅಂತ ಮಗುವಿಗೆ ಅನ್ನಿಸಿದ್ದು ಬಹುಶಃ ಅದರಿಂದಲೇ.

ಅಜ್ಜಿಯನ್ನು ಮಾತಾಡಿಸುವ ರೀತಿ

"ನಿಮ್ಮ ಕಾಲದ ಕಥೆ ಹೇಳಿ" ಅಂದರೆ ಅಮ್ಮ "ಅಯ್ಯೋ ಏನಿದೆ ಹೇಳೋಕೆ" ಅಂದುಬಿಡುತ್ತಾರೆ. "ಅಜ್ಜಿ, ನೀನು ನನ್ನಷ್ಟಿದ್ದಾಗ ಎಲ್ಲಿ ಮಲಗ್ತಿದ್ದೆ? ಪಕ್ಕದಲ್ಲಿ ಯಾರಿರ್ತಿದ್ರು?" ಅಂತ ಪುಟ್ಟಿ ಕೇಳಿದರೆ ಒಂದು ಗಂಟೆ ಮಾತು. ಪ್ರಶ್ನೆ ಚಿಕ್ಕದಿರಲಿ, ಕೈ ಮುಟ್ಟುವ ಹಾಗಿರಲಿ: ಚಾಪೆ, ಚಪ್ಪಲಿ, ಹಲ್ಲುಪುಡಿ, ಸ್ಲೇಟು.

ಇಬ್ಬರ ಕೈಗೂ ಕೆಲಸ ಇರಲಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬಂದಾಗ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಕಾಯಿ ಸುಲಿದು, ನೆನೆಹಾಕಿದ ಕಾಳನ್ನು ಒಂದೊಂದೇ ಹಿದುಕುತ್ತಾ ಕೂತರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಮಾತು ತಾನಾಗಿ ಬರುತ್ತದೆ. ರಾಮನವಮಿಯ ಹೊತ್ತಿಗೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುವ, 1939ರಲ್ಲಿ ಶುರುವಾದ ಸಂಗೀತ ಕಛೇರಿಗಳಿಗೆ ಅಪ್ಪ ಹೋಗುತ್ತಿದ್ದರು ಅಂತ ನನಗೆ ಗೊತ್ತಿತ್ತು. ಟಿಕೆಟ್ಟಿಗೆ ದುಡ್ಡಿಲ್ಲದ ವರ್ಷಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಹೊರಗೆ ರಸ್ತೆಯಲ್ಲಿ ಟವೆಲ್ ಹಾಸಿಕೊಂಡು ಕೂತು ಕೇಳುತ್ತಿದ್ದರು ಅಂತ ಗೊತ್ತಾದದ್ದು ಅವರೆಕಾಳು ಹಿದುಕುವಾಗ. ಅಮ್ಮನಿಗೆ ಸಂಗೀತ ಇಷ್ಟ ಅಂತಲೇ ನನಗೆ ತಿಳಿದಿರಲಿಲ್ಲ.

ಕೇಳಿ ಒಪ್ಪಿಗೆ ತೆಗೆದುಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮೊದಲು ಮಗುವೇ ತಾರೀಖು ಮತ್ತು ಯಾರು ಮಾತಾಡುತ್ತಿದ್ದಾರೆ ಅಂತ ಹೇಳಲಿ. ಅದೇ ದಿನ ಇನ್ನೊಂದು ಕಡೆಗೂ ಪ್ರತಿ ಕಳಿಸಿಡಿ. ಕುಕ್ಕರ್ ಕೂಗಿದರೆ ಕೂಗಲಿ. ಮಧ್ಯದಲ್ಲಿ "ಅದು ಹಾಗಲ್ಲಮ್ಮ, ಎಪ್ಪತ್ತೆರಡರಲ್ಲಿ" ಅಂತ ತಿದ್ದಲು ಹೋಗಬೇಡಿ. ಅಮ್ಮ ಒಂದು ಹೇಳಿ ಚಿಕ್ಕಮ್ಮ ಇನ್ನೊಂದು ಹೇಳಿದರೆ ಎರಡನ್ನೂ ಬರೆದು, ಪ್ರತಿಯೊಂದರ ಮುಂದೆ ಹೇಳಿದವರ ಹೆಸರು ಹಾಕಿ.

ಹಿರಿಯರಿಗೆ ಹುಟ್ಟಿದ ಇಸವಿ ಗೊತ್ತಿಲ್ಲದಿದ್ದರೂ ಸಂವತ್ಸರ ಗೊತ್ತಿರುತ್ತದೆ. ಅಮ್ಮ ಹುಟ್ಟಿದ್ದು ತಾರಣ ಸಂವತ್ಸರದ ಶ್ರಾವಣದಲ್ಲಿ. ಅರವತ್ತು ಸಂವತ್ಸರಗಳ ಪಟ್ಟಿ ಪಂಚಾಂಗದಲ್ಲಿ ಇರುತ್ತದೆ. ಮೊದಲನೆಯದಾದ ಪ್ರಭವ ಶುರುವಾದದ್ದು 1927ರ ಯುಗಾದಿಗೆ, ಮತ್ತೆ 1987ರ ಯುಗಾದಿಗೆ. ತಾರಣ ಹದಿನೆಂಟನೆಯದು. 1927ಕ್ಕೆ 17 ಕೂಡಿಸಿದರೆ 1944. ಹುಟ್ಟಿದ್ದು ಯುಗಾದಿಗೆ ಮುಂಚಿನ ಪುಷ್ಯ, ಮಾಘ, ಫಾಲ್ಗುಣದಲ್ಲಾದರೆ ಇಸವಿ ಒಂದು ಮುಂದಕ್ಕೆ ಹೋಗಬಹುದು. ಪುಟ್ಟಿ ಈ ಲೆಕ್ಕ ಕಲಿತ ಮೇಲೆ ಬೀದಿಯ ಅಜ್ಜಿಯರ ವಯಸ್ಸೆಲ್ಲ ಲೆಕ್ಕ ಹಾಕಿ ಬಂದಳು. ಅಮ್ಮನ ಶಾಲೆಯ ದಾಖಲೆಯಲ್ಲಿ ಬೇರೆ ತಾರೀಖು ಇದೆ. ಆಗ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಒಂದು ಬರೆದುಕೊಳ್ಳುವುದು ಮಾಮೂಲು. ಎರಡನ್ನೂ ಬರೆದಿಟ್ಟಿದ್ದೇವೆ.

ಫೋಟೊ ಬಗ್ಗೆ ಒಂದೆರಡು ಮಾತು. ಕೈ ತೊಳೆದು ಒರೆಸಿಕೊಂಡು ಅಂಚು ಹಿಡಿಯಬೇಕು. ಆಲ್ಬಮ್ಮಿಗೆ ಅಂಟಿಕೊಂಡದ್ದನ್ನು ಕೀಳಬೇಡಿ, ಹಾಳೆ ಸಮೇತ ಮೊಬೈಲಿನಲ್ಲಿ ಅದರ ಚಿತ್ರ ತೆಗೆಯಿರಿ. ಫ್ಲ್ಯಾಷ್ ಬೇಡ, ಕಿಟಕಿಯ ಬೆಳಕು ಸಾಕು. ಹಿಂಬದಿಯ ಚಿತ್ರವನ್ನೂ ತೆಗೆಯಿರಿ, ಸ್ಟುಡಿಯೋ ಮೊಹರು ಇದ್ದರೆ ಊರು ಗೊತ್ತಾಗುತ್ತದೆ. ಹೆಸರು ಬರೆಯುವುದಾದರೆ ಹಿಂದೆ, ಅಂಚಿನಲ್ಲಿ, ಮೆತ್ತನೆ ಪೆನ್ಸಿಲ್ಲಿನಲ್ಲಿ. ಸೆಲ್ಲೋಟೇಪು ಮಾತ್ರ ಹತ್ತಿರವೂ ತರಬೇಡಿ.

ಚೆಕ್ಕುಬಂದಿ ಆಟ

ಇದು ನನಗೆ ತುಂಬ ಇಷ್ಟವಾದದ್ದು. ಮನೆಯ ಕ್ರಯಪತ್ರ ಇದ್ದರೆ ಒಂದು ಜೆರಾಕ್ಸ್ ಮಾಡಿಸಿ. ಮೂಲ ಪತ್ರವನ್ನು ಮಗುವಿನ ಕೈಗೆ ಕೊಡಬೇಡಿ. ಕಳೆದುಹೋಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು.

ಪ್ರತಿ ಕ್ರಯಪತ್ರದ ಕೊನೆಗೆ ಚೆಕ್ಕುಬಂದಿ ಇರುತ್ತದೆ, ನಾಲ್ಕು ದಿಕ್ಕಿನಲ್ಲಿ ಏನಿದೆ ಅನ್ನುವ ವಿವರ. ನಮ್ಮದು ಮುತ್ತಾತ 1956ರಲ್ಲಿ ಕೊಂಡ ಮನೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ (ಮನೆಗಳ ಹಿಂದಿನ ಕಿರುಗಲ್ಲಿ), ಉತ್ತರಕ್ಕೆ ಒಬ್ಬರ ಮನೆ, ದಕ್ಷಿಣಕ್ಕೆ ಖಾಲಿ ನಿವೇಶನ. ಪುಟ್ಟಿ ಮೊಬೈಲಿನ ದಿಕ್ಸೂಚಿ ಹಿಡಿದು ಮನೆಯ ನಡುವೆ ನಿಂತು ಇದನ್ನು ಹಾಳೆಯ ಮೇಲೆ ಬರೆದಳು. ಪಕ್ಕದಲ್ಲೇ ಇವತ್ತಿನ ಚೆಕ್ಕುಬಂದಿ ಬರೆದಳು. ಖಾಲಿ ನಿವೇಶನದಲ್ಲಿ ಈಗ ನಾಲ್ಕು ಮಹಡಿ. ಅದರಲ್ಲಿ ಎರಡನೇ ಮಹಡಿಯ ಹುಡುಗಿ ಅವಳ ಮೊದಲ ಗೆಳತಿಯಾದದ್ದು "ನಿಮ್ಮ ಮನೆ ಖಾಲಿ ಸೈಟ್ ಆಗಿತ್ತು ಗೊತ್ತಾ?" ಅಂತ ಹೇಳಲು ಹೋದಾಗಲೇ.

ಆ ಪತ್ರದಲ್ಲಿ ಮಗುವಿಗೆ ಅರ್ಥವಾಗದ ಮಾತು ತುಂಬ ಇರುತ್ತವೆ. ನಮ್ಮ ರಾಜ್ಯಕ್ಕೆ ಆಗ ಮೈಸೂರು ಅಂತ ಹೆಸರು, ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಲೆಕ್ಕ ರೂಪಾಯಿ, ಆಣೆ, ಪೈಯಲ್ಲಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಿಂದ. ಎಲ್ಲವನ್ನೂ ಒಂದೇ ದಿನ ವಿವರಿಸಬೇಡಿ. ನಾವು ಆಣೆಗೆ ಒಂದು ಶನಿವಾರ ಕೊಟ್ಟೆವು.

ಮನೆ ಮುಗಿದ ಮೇಲೆ ಬೀದಿಗೆ ಇಳಿಯಿರಿ. 1892ರಲ್ಲಿ ಶುರುವಾದ ಪೇಟೆ ಇದು. ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳಕೂಟದಲ್ಲಿ ನಾನು ಜಾರುಬಂಡೆ ಆಡಿದ್ದೆ, ಈಗ ಪುಟ್ಟಿ ಆಡುತ್ತಾಳೆ. ನಾನು ಹುಟ್ಟಿದ್ದು ವಾಣಿವಿಲಾಸ ಆಸ್ಪತ್ರೆಯಲ್ಲಿ, ನಡೆದು ಹೋಗಿ ಗೇಟಿನ ಮುಂದೆ ನಿಂತೆವು. ದೊಡ್ಡ ಸ್ಮಾರಕಗಳಿಗಿಂತ ಮೊದಲು ಇಂಥ ಜಾಗ ತೋರಿಸಿ.

ಡಬ್ಬಿಯಲ್ಲಿ ಬೇರೆ ಏನಾದರೂ ಸಿಕ್ಕರೆ

ಅಟ್ಟದ ಡಬ್ಬಿಗಳನ್ನು ಮಗುವಿಗೆ ಕೊಡುವ ಮೊದಲು ನೀವೊಮ್ಮೆ ಹಿರಿಯರ ಜೊತೆ ಕೂತು ನೋಡಿ. ನಾನು ನೋಡಿರಲಿಲ್ಲ. ಒಂದು ಶನಿವಾರ ಪುಟ್ಟಿ ಹಾರ್ಲಿಕ್ಸ್ ಡಬ್ಬಿಯೊಳಗಿಂದ ಬೆಳ್ಳಿಯ ಪುಟ್ಟ ಕಾಲ್ಕಡಗ ತೆಗೆದಳು. ಒಂದು ಜೊತೆ. "ಇದು ಯಾರದು ಅಜ್ಜಿ?" ಅಂದಳು. ಅಮ್ಮ ಎದ್ದು ಒಳಗೆ ಹೋದರು.

ಆ ಹೊತ್ತಿನಲ್ಲಿ ನನಗೆ ತಕ್ಷಣ ಬಾಯಿಗೆ ಬಂದದ್ದು "ನಂದೇ ಕಣೇ" ಅನ್ನುವ ಸುಳ್ಳು. ಹೇಳಲಿಲ್ಲ. "ನನಗೆ ಗೊತ್ತಿಲ್ಲ ಪುಟ್ಟಿ, ಅಜ್ಜಿಗೆ ಹೇಳಬೇಕು ಅನ್ನಿಸಿದಾಗ ಹೇಳ್ತಾರೆ, ನಾವು ಮತ್ತೆ ಕೇಳೋದು ಬೇಡ" ಅಂದೆ. ನಿಮಗೂ ಇಂಥ ಹೊತ್ತು ಬರಬಹುದು. ಸುಳ್ಳು ಹೇಳಬೇಡಿ, ಹಿರಿಯರನ್ನು ಒತ್ತಾಯಿಸಬೇಡಿ, ವಸ್ತುವನ್ನು ಮಗುವಿನ ಕೈಯಿಂದ ಕಿತ್ತುಕೊಳ್ಳಬೇಡಿ. ನಿಧಾನವಾಗಿ ಅದೇ ಡಬ್ಬಿಗೆ ಹಾಕಿಸಿ.

ಒಂಬತ್ತು ದಿನ ಆದ ಮೇಲೆ, ಹೂ ಕಟ್ಟುತ್ತಾ ಕೂತಿದ್ದ ಅಮ್ಮ ತಾವಾಗಿ ಪುಟ್ಟಿಯನ್ನು ಕರೆದರು. "ನಿಮ್ಮಮ್ಮನಿಗಿಂತ ಮುಂಚೆ ಒಬ್ಬ ಅಣ್ಣ ಇದ್ದ. ಹನ್ನೊಂದು ತಿಂಗಳ ಕೂಸು. ಜ್ವರ ಬಂತು, ಉಳೀಲಿಲ್ಲ." ಪುಟ್ಟಿ ಕೇಳಿದ್ದು ಒಂದೇ: "ಅವನ ಹೆಸರೇನು?" ಐವತ್ತು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಹೆಸರನ್ನು ಅಮ್ಮ ಹೇಳಿದರು. ನನಗೂ ಅವತ್ತೇ ಗೊತ್ತಾದದ್ದು. ಸಾವಿನ ವಿಷಯ ಮಗುವಿಗೆ ಹೇಳುವಾಗ ಇಷ್ಟೇ ನೇರ, ಇಷ್ಟೇ ಚಿಕ್ಕ ಮಾತು ಸಾಕು. "ಮಲಗಿಬಿಟ್ಟ", "ದೇವರು ಕರೆದುಕೊಂಡ" ಅಂದರೆ ಮಗುವಿಗೆ ಮಲಗಲು ಭಯವಾಗಬಹುದು. ಆಮೇಲೆ ಬರುವ ಪ್ರಶ್ನೆಗೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಿ.

ವಂಶವೃಕ್ಷ ಬರೆಯುವಾಗ ಆ ಹೆಸರೂ ಹೋಯಿತು. ವೃಕ್ಷವನ್ನು ಮಗುವಿನಿಂದ ಶುರು ಮಾಡಿ, ಕೆಳಗೆ ಅವಳ ಹೆಸರು, ಮೇಲಕ್ಕೆ ಎರಡು ಕೊಂಬೆ. ಹೆಣ್ಣುಮಕ್ಕಳ ಹೆಸರು, ಅವರ ತವರಿನ ಊರು ಬಿಡಬೇಡಿ. ನಮ್ಮ ಇನಿಷಿಯಲ್‌ಗಳಲ್ಲಿ ಅವರು ಕಾಣುವುದೇ ಇಲ್ಲ. ನನ್ನ ಗಂಡನ ಕಡೆಯವರು ಗದಗ ಹತ್ತಿರದವರು. ಅಲ್ಲಿ ಹೆಳವರು ಎತ್ತು ಹೊಡೆದುಕೊಂಡು ಮನೆಗೆ ಬಂದು, ತಮ್ಮ ಪುಸ್ತಕ ತೆಗೆದು ಮನೆತನದ ಹಿರಿಯರ ಹೆಸರನ್ನು ಒಂದೊಂದಾಗಿ ಹೇಳುತ್ತಾರೆ. ಮನೆಯವರು ಅವರಿಗೆ ಕಾಳು, ದುಡ್ಡು ಕೊಟ್ಟು ಕಳಿಸುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನೂ ಬರೆಸಬಹುದು. ಮುಂದಿನ ಸಲ ಅವರು ಬಂದಾಗ ಫೋನ್ ಮಾಡಿ ಅಂತ ಅತ್ತೆಗೆ ಹೇಳಿದ್ದೇವೆ. ತನ್ನ ಹೆಸರು ಬರೆಸಲು ಪುಟ್ಟಿ ಕಾಯುತ್ತಿದ್ದಾಳೆ.

ಬಿಟ್ಟು ಬಂದ ಮನೆಯೂ ಆ ಪುಸ್ತಕದಲ್ಲಿ ಇರಲಿ

ಇದನ್ನು ನಾನು ಮರೆತೇ ಇದ್ದೆ. ಚಾಮರಾಜಪೇಟೆಯದ್ದೇ ಇತಿಹಾಸ, ನಾಗಪುರದ್ದು ಮುಗಿದು ಹೋದದ್ದು ಅನ್ನುವ ಹಾಗೆ ನಡೆದುಕೊಳ್ಳುತ್ತಿದ್ದೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಂದು ಸಂಜೆ ಪುಟ್ಟಿ ತನ್ನ ನೋಟ್ ಪುಸ್ತಕ ತಂದು ತೋರಿಸಿದಳು. ಮುತ್ತಾತನ ಕ್ರಯಪತ್ರದ ಜೆರಾಕ್ಸ್ ಅಂಟಿಸಿದ ಪುಟದ ಎದುರು ಪುಟದಲ್ಲಿ ನಾಗಪುರದ ಬಾಡಿಗೆ ಮನೆಯ ಚೆಕ್ಕುಬಂದಿ ಬರೆದಿದ್ದಳು. ಆಗಷ್ಟೇ ಕಲಿತ ಕನ್ನಡ ಅಕ್ಷರದಲ್ಲಿ, ಒತ್ತಕ್ಷರ ಎಲ್ಲ ತಪ್ಪು. ಪೂರ್ವಕ್ಕೆ ಬೇವಿನ ಮರ. ಪಶ್ಚಿಮಕ್ಕೆ ನೀರಿನ ಟ್ಯಾಂಕು. ಉತ್ತರಕ್ಕೆ ಪಕ್ಕದ ಮನೆ ಕಾಕೂ. ದಕ್ಷಿಣಕ್ಕೆ ನಾಯಿ ಮಲಗುವ ಮೆಟ್ಟಿಲು.

ನಾನು ತಿದ್ದಲಿಲ್ಲ. ಅಂಟು ತಂದುಕೊಟ್ಟೆ. ಗೂಡಿನಲ್ಲಿದ್ದ ಬೀಗದ ಕೈ ತಂದು ಅದೇ ಪುಟದ ಕೆಳಗೆ ಅಂಟಿಸಿದಳು. ಅದು ಭಾರಕ್ಕೆ ಬಿದ್ದು ಹೋಗುತ್ತಿತ್ತು. ಅಮ್ಮ ಸೂಜಿ ದಾರ ತಂದು, ಕೀಲಿಯ ತೂತಿಗೆ ದಾರ ಹಾಕಿ, ಹಾಳೆಗೆ ಹೊಲಿದುಕೊಟ್ಟರು.